ಜ್ವರಕ್ಕೆ ಮಜ್ಜಿಗೆ ಆಗದು

ಆ ವರ್ಷ, ಅಂದರೆ ಎರಡು ಸಾವಿರದ ಆರರ ಮಳೆಗಾಲ ಮುಗಿಯುವ ಹೊತ್ತಿಗೆ, ದೆಹಲಿಯಲ್ಲಿ ಇಬ್ಬರು ಸೇರಿದರೆ ಡೆಂಗ್ಯೂ ಬಿಟ್ಟು ಬೇರೆ ಮಾತಿಲ್ಲ. ಜನಕಪುರಿಯ ಗಲ್ಲಿಗಲ್ಲಿಯಲ್ಲೂ ಹೊಗೆ ಬಿಡುವ ಗಾಡಿ ಓಡಾಡುತ್ತಿತ್ತು. ಕೂಲರಿನಲ್ಲಿ ನೀರು ನಿಲ್ಲಿಸಿದವರಿಗೆ ದಂಡ ಹಾಕುತ್ತಾರಂತೆ ಎಂದು ಎದುರುಮನೆಯ ಪಂಜಾಬಿ ಹೆಂಗಸು ಹೆದರಿಸಿ ಹೋಗಿದ್ದಳು. ಹೀಗಿರುವಾಗ ಮನೆಯಲ್ಲಿ ಒಬ್ಬರ ಮೈ ಬೆಚ್ಚಗಾದರೆ ಉಳಿದವರ ಜೀವ ಬಾಯಿಗೆ ಬರದೆ ಇರುತ್ತದೆಯೇ? ಲೀಲಮ್ಮನ ಮಗ ಸುರೇಶನಿಗೆ ಜ್ವರ ಹಿಡಿದದ್ದು ಆ ಹೊತ್ತಿನಲ್ಲೇ. ಬಂದು ಹೋಗಿಬಿಟ್ಟಿದ್ದರೆ ಚಿಂತೆ ಇರಲಿಲ್ಲ. ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಈಗ ಮೂರನೆಯ ಸಲ.

ಲೀಲಮ್ಮನ ಗಂಡ ಕೇಂದ್ರ ಸರಕಾರದ ಗುಮಾಸ್ತರಾಗಿ ಮೈಸೂರಿನಿಂದ ಬಂದು, ಈ ಎರಡು ಕೋಣೆಯ ಫ್ಲಾಟು ಕೊಂಡು, ಅದರಲ್ಲಿ ನೆಮ್ಮದಿಯಾಗಿ ಕಾಲು ಚಾಚುವ ಮುಂಚೆಯೇ ಕಣ್ಣು ಮುಚ್ಚಿದ್ದರು. ಸುರೇಶನೂ ಒಂದು ಮಿನಿಸ್ಟ್ರಿಯಲ್ಲಿ ಗುಮಾಸ್ತ. ಸೊಸೆ ಅಹಲ್ಯಾ ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರು. ಮಾತು ಕಡಿಮೆ, ಕೆಲಸ ಜಾಸ್ತಿ. ಮೊಮ್ಮಗಳು ಸಿಂಧೂರ ಹತ್ತನೆಯ ಕ್ಲಾಸು. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ಬಿಟ್ಟರೆ ಅರ್ಧ ಹಿಂದಿ. ಮನೆಯಲ್ಲಿ ಯಾರು ಏನೇ ಯಜಮಾನಿಕೆ ಮಾಡಲಿ, ಅಡುಗೆಮನೆ ಮಾತ್ರ ಲೀಲಮ್ಮನದು. ಅಲ್ಲಿ ಬೇರೆಯವರು ಸೌಟು ಮುಟ್ಟಿದರೂ ಅವರಿಗೆ ಸೇರದು.

ಮೂರನೆಯ ಜ್ವರದ ಬೆಳಿಗ್ಗೆ ಸಿಂಧೂರ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಅಜ್ಜಿ, ಪಪ್ಪನ ಶರ್ಟ್ ಪೂರಾ ಗೀಲಾ ಆಗಿದೆ. ಬದಲಾಯಿಸೋಣ ಅಂದ್ರೆ ಕೈ ಬಗ್ಗಿಸೋಕೇ ಆಗ್ತಿಲ್ಲ."

ಲೀಲಮ್ಮ ಒಲೆ ಸಣ್ಣ ಮಾಡಿ ಓಡಿದರು. ಸುರೇಶ ಹಾಸಿಗೆಯಲ್ಲಿ ಬೆವರಿನಲ್ಲೇ ಮಿಂದಿದ್ದ. ಬಾಯಿಯ ಕೊನೆಯಲ್ಲಿ ಜೊಲ್ಲು. ತೋಳು ಹಿಡಿದು ಮಡಿಸಲು ನೋಡಿದರೆ ಎಣ್ಣೆ ಕಾಣದ ಬಾಗಿಲಿನಂತೆ ತಡೆದು ತಡೆದು ಬಗ್ಗುತ್ತಿತ್ತು. ಹಣೆ ಮುಟ್ಟಿದ ಕೈಯನ್ನು ಅವರು ತಟ್ಟನೆ ಹಿಂದೆಗೆದರು. ಇದು ಸೊಳ್ಳೆ ಕಚ್ಚಿದ ಜ್ವರವಲ್ಲ ಎಂದು ಅವರ ಹೆತ್ತ ಕರುಳು ಹೇಳಿತು. ಮತ್ತೆ ಎಂಥದು ಎಂದು ಮಾತ್ರ ಹೇಳಲಿಲ್ಲ.

ಅಹಲ್ಯಾ ಶಾಲೆಗೆ ಫೋನು ಮಾಡಿ ರಜಾ ಹೇಳಿದಳು. ಇನ್ನು ಮಾರ್ಕೆಟ್ಟಿನ ಡಾಕ್ಟರನ್ನು ನಂಬಿ ಕೂರುವುದಿಲ್ಲ, ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತೇನೆ ಎಂದಳು. ಆ ಡಾಕ್ಟರೂ ತನ್ನ ಕೈಲಾದದ್ದೆಲ್ಲ ಮಾಡಿದ್ದ. ಮಲೇರಿಯಾ ನೋಡಿದ, ಡೆಂಗ್ಯೂ ನೋಡಿದ, ಟೈಫಾಯಿಡ್ ನೋಡಿದ. ಒಂದೂ ಇಲ್ಲ. ಕೊನೆಗೆ ಎದೆಯ ಫೋಟೊ ತೆಗೆಸಿ, ಕ್ಷಯವೂ ಇದ್ದಂತೆ ಕಾಣದು, ಆದರೂ ಎಂದು ರಾಗ ಎಳೆದಿದ್ದ. ಆ 'ಆದರೂ' ಕೇಳಿದ ಮೇಲೆ ಲೀಲಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

"ಒಂದು ಲೋಟ ಗಂಜಿ ಕುಡಿಸಿ ಕಳಿಸ್ತೀನಿ ತಾಳೇ. ಹೋದ ಸಲವೂ ಗಂಜೀಲೇ ಇಳೀತು," ಎಂದರು ಲೀಲಮ್ಮ.

"ಗಂಜಿಯಿಂದ ಇಳಿದಿದ್ರೆ ಮತ್ತೆ ಯಾಕೆ ಬರ್ತಿತ್ತು ಅತ್ತೆ? ನೀವು ಅವರ ಬಟ್ಟೆ ಜೋಡಿಸಿಕೊಡಿ, ಸಾಕು."

ಸೊಸೆ ಎದುರು ಮಾತಾಡಿದ್ದಕ್ಕೆ ಬೇರೆ ದಿನವಾಗಿದ್ದರೆ ಲೀಲಮ್ಮ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು. ಅವತ್ತು ಸುಮ್ಮನೆ ಬಟ್ಟೆ ಜೋಡಿಸಿದರು.

ಗಂಜಿಯ ಮಾತು ಅವರು ಸುಮ್ಮನೆ ಆಡಿದ್ದಲ್ಲ. ಅವರ ಅಮ್ಮನ ಮನೆಯಿಂದ ಬಂದ ಪದ್ಧತಿ ಅದು. ಜ್ವರ ಬಂದವರಿಗೆ ಗಂಜಿ, ಮೆಣಸಿನ ಸಾರು, ಬಿಸಿನೀರು. ಮೊಸರು ಮಜ್ಜಿಗೆ ಸೋಕಿಸಕೂಡದು, ಶೀತ. ಜ್ವರ ಬಿಟ್ಟು ಎರಡು ದಿನವಾದ ಮೇಲೆ ಮಜ್ಜಿಗೆಯಲ್ಲಿ ಕಲಸಿದ ಅನ್ನ ಕೊಟ್ಟು 'ಬಾಯಿ ಕೆಟ್ಟಿದೆ, ಉಣ್ಣು ಮಗೂ' ಅನ್ನಬೇಕು. ಎರಡು ಸಲದ ಜ್ವರದಲ್ಲೂ ಲೀಲಮ್ಮ ಈ ಪಥ್ಯವನ್ನು ಚಾಚೂ ತಪ್ಪದೆ ನಡೆಸಿದ್ದರು.

ಈಗ ಒಂದು ಗುಟ್ಟು ಹೇಳಲೇಬೇಕು, ಇಲ್ಲದಿದ್ದರೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ.

ಆರು ವರ್ಷದ ಹಿಂದೆ ಸುರೇಶನ ತಲೆ ಕೆಟ್ಟಿತ್ತು. ಕೆಟ್ಟಿತ್ತು ಎಂದರೆ ಲೀಲಮ್ಮ ಕಿವಿ ಮುಚ್ಚಿಕೊಳ್ಳುತ್ತಾರೆ, ಆದರೆ ಬೇರೆ ಹೇಗೆ ಹೇಳುವುದು? ಮೇಲಿನ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ, ಆಫೀಸಿಗೆ ಚಾಡಿ ಹೇಳುತ್ತಾರೆ ಎಂದು ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಒಂದು ದಿನ ಆಫೀಸಿಗೆಂದು ಹೊರಟವನು ಮನೆಗೆ ಬರಲಿಲ್ಲ. ಹುಡುಕಿ ಹುಡುಕಿ ಸಾಕಾದ ಮೇಲೆ ಕರೋಲ್ ಬಾಗಿನ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಸಿಕ್ಕ. ಕಾಲಿನಲ್ಲಿ ಚಪ್ಪಲಿ ಇಲ್ಲ, ಕಣ್ಣಿನಲ್ಲಿ ಗುರುತಿಲ್ಲ. ಹೆತ್ತ ತಾಯಿಯನ್ನು ನೋಡಿ 'ಯಾರು ಕಳಿಸಿದ್ರು ನಿಮ್ಮನ್ನ?' ಎಂದು ಕೇಳಿದ. ಆ ಪ್ರಶ್ನೆ ಲೀಲಮ್ಮನ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು.

ಮಾತ್ರೆ ಕೊಟ್ಟರೆ ಉಗುಳುತ್ತಿದ್ದ. ಆಗಿನ ಡಾಕ್ಟರು ಬಣ್ಣವಿಲ್ಲದ, ರುಚಿಯಿಲ್ಲದ ಹನಿ ಔಷಧಿ ಬರೆದುಕೊಟ್ಟು, ಹೇಳದೆ ಊಟದಲ್ಲಿ ಬೆರೆಸಿ ಅಂದರು. ಲೀಲಮ್ಮ ಮಜ್ಜಿಗೆಗೆ ಬೆರೆಸಿದರು. ಮಗ ಗುಣವಾದ. ಆಫೀಸಿಗೆ ಹೋದ. ಎರಡು ವರ್ಷದ ಹಿಂದೆ ಅಹಲ್ಯಾ ಬೇರೆ ಡಾಕ್ಟರನ್ನು ಹುಡುಕಿ, ಗಂಡನಿಗೆ ತಾಳ್ಮೆಯಿಂದ ತಿಳಿಹೇಳಿ, ಅವನೇ ಕೈಯಾರೆ ಮಾತ್ರೆ ತೆಗೆದುಕೊಳ್ಳುವ ಹಾಗೆ ಮಾಡಿದಳು. 'ಇನ್ನು ಹನಿ ಬೇಡ ಅತ್ತೆ, ಕದ್ದು ಕೊಡೋದು ತಪ್ಪು' ಅಂದಳು. ಲೀಲಮ್ಮ ಆಗಲಿ ಅಂದರು.

ಆದರೆ ಆ ವಾರವೇ ಬಟ್ಟೆ ಒಗೆಯುವಾಗ ಮಗನ ಶರ್ಟಿನ ಜೇಬಿನಲ್ಲಿ ಒಂದು ಮಾತ್ರೆ ಸಿಕ್ಕಿತು. ಮರೆತದ್ದೋ, ಬಚ್ಚಿಟ್ಟದ್ದೋ? ಹಾವು ಕಚ್ಚಿಸಿಕೊಂಡವರಿಗೆ ಹಗ್ಗವೂ ಹಾವೇ. ಸೊಸೆ ಮಾತ್ರೆ ಕೊಟ್ಟುಕೊಳ್ಳಲಿ, ನನ್ನ ಹನಿಯೂ ಇರಲಿ ಎಂದುಕೊಂಡರು. ಶೀಷೆ ಇಂಗಿನ ಡಬ್ಬಿಯೊಳಗೆ ಹೋಯಿತು. ಮುಗಿದಾಗಲೆಲ್ಲ ಹಳೆಯ ಚೀಟಿ ತೋರಿಸಿದರೆ ಔಷಧಿ ಅಂಗಡಿಯ ಭಯ್ಯಾ ಹೊಸದು ಕೊಡುತ್ತಿದ್ದ. ಊಟದ ಕೊನೆಗೆ ಮಗನ ಮಜ್ಜಿಗೆ ಬೇರೆಯಾಗಿ ಬರುತ್ತಿತ್ತು. ಯಾರೂ ಕೇಳಲಿಲ್ಲ, ತಾಯಿಯ ಮುದ್ದು ಎಂದುಕೊಂಡರು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಆಗಸ್ಟಿನಲ್ಲಿ. ಒಂದು ದಿನ ಊಟಕ್ಕೆ ಕೂತ ಸುರೇಶ ಲೋಟವನ್ನು ದೂರ ಸರಿಸಿ, "ಅಮ್ಮ ಇದಕ್ಕೆ ಏನೋ ಹಾಕ್ತಾಳೆ. ನನಗೆ ಬೆನ್ನು ಮಾಡಿ ಹಾಕ್ತಾಳೆ," ಎಂದ.

ಅಹಲ್ಯಾಳ ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು. ಅವಳು ಅತ್ತೆಯ ಮುಖ ನೋಡಿದಳು. ಲೀಲಮ್ಮನಿಗೆ ಬೆವರು ಕಿತ್ತುಕೊಂಡು ಬಂತು. ಬಾಯಿಂದ ಮಾತ್ರ, "ಏನು ಮಾತು ಅಂತ ಆಡ್ತೀಯೋ, ಉಪ್ಪು ಹಾಕಿದೆ," ಎಂದು ಬಂತು. ಅಷ್ಟೇ ಸಾಕಾಯಿತು. ಖಾಯಿಲೆ ಮರಳಿತು ಎಂದು ಅಹಲ್ಯಾ ರೂಮಿಗೆ ಹೋಗಿ ಅತ್ತಳು. ಮರುದಿನ ನಡುಮನೆಯಲ್ಲಿ ನಿಂತು ತಲೆಯ ಡಾಕ್ಟರಿಗೆ ಫೋನು ಮಾಡಿ ಹೇಳಿದಳು. ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬ ಅನುಮಾನ ಈ ಖಾಯಿಲೆಯದ್ದೇ ಲಕ್ಷಣ, ಮಾತ್ರೆ ಜಾಸ್ತಿ ಮಾಡೋಣ ಎಂದರು ಡಾಕ್ಟರು. ಲೀಲಮ್ಮ ಅಲ್ಲೇ ನಿಂತು ಹುರಳಿಕಾಯಿ ಬಿಡಿಸುತ್ತಿದ್ದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ಅವರಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಸೊಸೆಯ ಮುಂದೆ ಕಳ್ಳಿ, ಹನಿ ನಿಲ್ಲಿಸಿದರೆ ಮತ್ತೆ ಕರೋಲ್ ಬಾಗಿನ ಮೆಟ್ಟಿಲು. ಅವರು ಕಾಯಿ ಬಿಡಿಸುವುದನ್ನು ಮುಂದುವರಿಸಿದರು. ಅದಾದ ಮೇಲೆ ಸುರೇಶ ಲೋಟದ ಮಾತೆತ್ತಲಿಲ್ಲ. ತನ್ನದೇ ತಪ್ಪು ಎಂಬಂತೆ ತಲೆ ತಗ್ಗಿಸಿ ಕುಡಿಯುತ್ತಿದ್ದ. ಮೊದಲ ಜ್ವರ ಬಂದದ್ದು ಆ ಮೇಲೆ.

ದೊಡ್ಡ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೆಂಗ್ಯೂ ರೋಗಿಗಳು ಒಂದೇ ಮಂಚದಲ್ಲಿ ಇಬ್ಬರು, ನೆಲದ ಮೇಲೆ ಚಾಪೆ ಹಾಕಿ ಕೆಲವರು. ಸುರೇಶನ ಕೈಕಾಲು ಮರಗಟ್ಟಿದ್ದನ್ನು ನೋಡಿ ಒಬ್ಬ ಡಾಕ್ಟರಮ್ಮ ಅವನಿಗೆ ಬೇರೆ ಮಂಚ ಕೊಡಿಸಿದಳು. ವಯಸ್ಸು ಚಿಕ್ಕದು, ಕಣ್ಣು ಚುರುಕು. ತೆಗೆದುಕೊಳ್ಳುವ ಔಷಧಿ ಏನೇನು ಎಂದು ಕೇಳಿದಳು. ಅಹಲ್ಯಾ ಮಾತ್ರೆಯ ಪಟ್ಟಿಗಳನ್ನು ತೆಗೆದು ಮಂಚದ ಮೇಲಿಟ್ಟಳು. ಬೇರೆ ಏನಾದರೂ ಕೊಡುತ್ತೀರಾ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಮತ್ತೊಮ್ಮೆ ಕೇಳಿದಳು. "ಇಲ್ಲ," ಎಂದಳು ಅಹಲ್ಯಾ, ಸತ್ಯವಂತೆ. ಅವಳ ಹಿಂದೆ ಸೆರಗು ಬಿಗಿಹಿಡಿದು ನಿಂತಿದ್ದ ಲೀಲಮ್ಮ ಕಿಟಕಿಯ ಕಡೆ ನೋಡಿದರು.

ರಕ್ತದ ವರದಿ ಬಂದಾಗ ಡಾಕ್ಟರಮ್ಮ ಅಹಲ್ಯಾಳನ್ನು ಕರೆದು ಕೂರಿಸಿಕೊಂಡು ಹೇಳಿದಳು. ಮೈಯ ಸ್ನಾಯುಗಳು ಒಳಗೊಳಗೇ ಕರಗುತ್ತಿವೆ, ಅದರ ಕಸ ಮೂತ್ರಪಿಂಡಕ್ಕೆ ಹೋಗುತ್ತಿದೆ. ತಲೆಗೆ ಕೊಡುವ ಈ ಜಾತಿಯ ಮಾತ್ರೆ ಎಲ್ಲೋ ಒಬ್ಬೊಬ್ಬರಿಗೆ ಹೀಗೆ ತಿರುಗಿಬೀಳುವುದುಂಟು. ಅದೇ ಆಗಿದ್ದರೆ ಮಾತ್ರೆ ನಿಲ್ಲಿಸಿದರೆ ಬದುಕುತ್ತಾರೆ, ಮುಂದುವರಿಸಿದರೆ ಇಲ್ಲ. ಈಗಿಂದೀಗಲೇ ಎಲ್ಲ ಬಂದ್.

ಅಹಲ್ಯಾ ಹೊರಗೆ ಬಂದು ಅದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಲೀಲಮ್ಮ ಅಲ್ಲೇ ಬೆಂಚಿನ ಮೇಲೆ ಕೂತರು. ಆದರೆ ಭಯದಲ್ಲಿರುವ ಮನಸ್ಸು ಎಂಥ ವಕೀಲ ನೋಡಿ! ಸ್ವಲ್ಪ ಹೊತ್ತಿನಲ್ಲೇ ಅದು ವಾದ ಹೂಡಿತು. ಮಾತ್ರೆ ಅಂದರು, ಹನಿ ಅನ್ನಲಿಲ್ಲ. ಹನಿ ಆರು ವರ್ಷದಿಂದ ಹೋಗುತ್ತಿದೆ, ಒಂದು ದಿನ ತೊಂದರೆ ಕೊಟ್ಟಿಲ್ಲ. ಆಗಸ್ಟಿನಲ್ಲಿ ಜಾಸ್ತಿಯಾದದ್ದು ಮಾತ್ರೆ, ಕೆಟ್ಟದ್ದೂ ಆಗಲೇ. ಹಾಗಾದರೆ ತಪ್ಪು ಸೊಸೆಯ ಮಾತ್ರೆಯದು. ಈ ವಾದ ಅವರಿಗೆ ಎಷ್ಟು ಹಿತವಾಯಿತೆಂದರೆ, ಅವತ್ತು ಮನೆಗೆ ಹೋಗಿ ಬಹಳ ದಿನದ ಮೇಲೆ ತಟ್ಟೆ ತುಂಬ ಉಂಡರು.

ಜ್ವರ ಇಳಿಯಿತು. ಕೈ ಸಡಿಲವಾಯಿತು. ಕೈಗೆ ಚುಚ್ಚಿದ ನಳಿಗೆಯಲ್ಲಿ ನೀರು, ಆಸ್ಪತ್ರೆಯ ತೆಳ್ಳನೆ ಬೇಳೆ, ಮೆತ್ತಗೆ ಬೇಯಿಸಿದ ಅನ್ನ, ಅಷ್ಟೇ ಅವನ ಆಹಾರ. ಅಹಲ್ಯಾ ಮೊದಲ ಬಾರಿ ನಕ್ಕಳು. ಸಿಂಧೂರ ಹೊಸ ಮೆಟ್ರೋ ಹತ್ತಿ ದಿನಾ ಸಂಜೆ ಬಂದು ಅಪ್ಪನ ಪಕ್ಕದಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದಳು.

ಲೀಲಮ್ಮನಿಗೆ ಮಾತ್ರ ಹೊಸ ಹೆದರಿಕೆ ಹತ್ತಿಕೊಂಡಿತು. ಮನೆಯಲ್ಲಿ ಜ್ವರದ ದಿನ ಹನಿ ತಪ್ಪಿದರೂ ಮಾತ್ರೆ ಇರುತ್ತಿತ್ತು. ಅವನ ಮೈಯಲ್ಲಿ ಈಗ ಮಾತ್ರೆಯೂ ಇಲ್ಲ, ಹನಿಯೂ ಇಲ್ಲ. ಒಂದು ಮಧ್ಯಾಹ್ನ ಅವನು ಮೇಲಿನ ಫ್ಯಾನು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ. ಏನೋ ಅದು ಎಂದು ಕೇಳಿದರು. ಏನಿಲ್ಲ ಎಂದ. ಹಾಡಿಕೊಳ್ಳುತ್ತಿದ್ದನೋ, ಲೆಕ್ಕ ಹಾಕುತ್ತಿದ್ದನೋ, ದೇವರೇ ಬಲ್ಲ. ಲೀಲಮ್ಮನಿಗೆ ಕಂಡದ್ದು ಚಪ್ಪಲಿಯಿಲ್ಲದ ಕಾಲುಗಳು. ದೇಹ ಉಳಿಸಲು ಹೋಗಿ ತಲೆಯನ್ನು ಕಳೆದುಕೊಂಡರೆ ಆ ದೇಹ ಯಾರಿಗೆ ಬೇಕು? ಡಾಕ್ಟರುಗಳು ಜ್ವರ ಇಳಿಸಿ ಮನೆಗೆ ಕಳಿಸುತ್ತಾರೆ. ಆ ಮೇಲೆ ಬೀದಿಬೀದಿ ಹುಡುಕುವವರು ನಾವಲ್ಲವೇ?

ಆಸ್ಪತ್ರೆಯ ಬೇಳೆಗೆ ಬೆಳ್ಳುಳ್ಳಿ ಹಾಕುತ್ತಾರೆ, ನಾಲಿಗೆ ಕೆಟ್ಟಿರುತ್ತದೆ, ನಾನೇ ಸಾರನ್ನ ಮಾಡಿ ತರುತ್ತೇನೆ ಎಂದರು ಲೀಲಮ್ಮ. ಅಹಲ್ಯಾ ಡಾಕ್ಟರಮ್ಮನನ್ನು ಕೇಳಿದಳು. ಮನೆ ಊಟ ಒಳ್ಳೆಯದೇ ಎಂದಳು ಅವಳು, ಪಾಪ. ಜ್ವರದಿಂದೆದ್ದವನು, ಮಜ್ಜಿಗೆ ಇನ್ನೂ ಕೂಡದು. ಆದ್ದರಿಂದ ಹನಿ ಸಾರಿಗೆ ಹೋಯಿತು. ಎಷ್ಟು ದಿನ ತಪ್ಪಿಹೋಗಿದೆ, ಎಂದುಕೊಂಡು ಲೀಲಮ್ಮ ದೇವರಿಗೆ ಕೈಮುಗಿದು ಎರಡು ಹನಿ ಹೆಚ್ಚಿಗೇ ಹಾಕಿದರು. ಮಗ ಡಬ್ಬಿಯನ್ನು ಬಳಿದು ಬಳಿದು ಉಂಡ. ಅದನ್ನು ನೋಡಿ ಅವರ ಕಣ್ಣು ತುಂಬಿತು. ಮರುದಿನವೂ ತಂದರು, ಅದರ ಮರುದಿನವೂ.

ಜ್ವರ ಬಂತು. ಈ ಸಲ ಬಂದದ್ದು ಹಿಂದಿನ ಮೂರನ್ನೂ ಸೇರಿಸಿಕೊಂಡು ಬಂದ ಹಾಗಿತ್ತು. ದವಡೆ ಕಚ್ಚಿಕೊಂಡಿತು, ಮೂತ್ರ ಕಪ್ಪಗಾಯಿತು, ಹೆಂಡತಿಯ ಹೆಸರು ಕೇಳಿದರೆ ಹೇಳಲು ತಡವರಿಸಿದ. ಡಾಕ್ಟರಮ್ಮನ ಮುಖ ಇಳಿಯಿತು. ಮಾತ್ರೆ ನಿಲ್ಲಿಸಿದ್ದೀರಿ ತಾನೇ, ಕದ್ದು ಕೊಟ್ಟಿಲ್ಲ ತಾನೇ ಎಂದು ಅಹಲ್ಯಾಳನ್ನು ಸ್ವಲ್ಪ ಗಡುಸಾಗಿಯೇ ಕೇಳಿದಳು. ಅಹಲ್ಯಾ ಮಗಳ ಮೇಲೆ ಆಣೆ ಮಾಡಿದಳು.

ಆ ಸಂಜೆ ಅಜ್ಜಿ ಮೊಮ್ಮಗಳು ಮೆಟ್ರೋದಲ್ಲಿ ಮನೆಗೆ ಹೊರಟರು. ಸಿಂಧೂರ ಮಡಿಲಿನಲ್ಲಿ ಖಾಲಿ ಡಬ್ಬಿ ಹಿಡಿದು ಕೂತಿದ್ದಳು. "ಅಜ್ಜಿ, ಅಜೀಬ್ ಹೈ ನಾ?" ಎಂದಳು. "ಆಸ್ಪತ್ರೆ ಊಟ ಮಾಡ್ತಿದ್ದಾಗ ಪಪ್ಪ ಚೆನ್ನಾಗಿದ್ರು. ಮನೆ ಖಾನಾ ಶುರು ಆಯ್ತು, ಮತ್ತೆ ಜ್ವರ. ಅಡುಗೆ ನೀರಿನಲ್ಲಿ ಏನಾದ್ರೂ ಇದೆಯಾ?"

"ನೀರಲ್ಲಿ ಏನಿರುತ್ತೆ? ನಾವೂ ಅದೇ ಕುಡಿಯೋದು."

"ಹಾಂ, ಅದೂ ಸಹೀ ಹೈ," ಎಂದು ಹುಡುಗಿ ಕಿಟಕಿಯ ಕಡೆ ತಿರುಗಿದಳು.

ಲೀಲಮ್ಮ ತಿರುಗಲಿಲ್ಲ. ಎದುರಿಗಿದ್ದ ಕಂಬವನ್ನು ಹಿಡಿದ ಕೈ ಹಾಗೇ ಇತ್ತು. ಮೊದಲ ಜ್ವರಕ್ಕೆ ಮಜ್ಜಿಗೆ ನಿಲ್ಲಿಸಿದೆ, ಜ್ವರ ಬಿಟ್ಟಿತು. ಬಿಟ್ಟಿತೆಂದು ಮಜ್ಜಿಗೆ ಕೊಟ್ಟೆ, ಬಂತು. ಮತ್ತೆ ನಿಲ್ಲಿಸಿದೆ, ಬಿಟ್ಟಿತು. ಕೊಟ್ಟೆ, ಬಂತು. ಈಗ ಸಾರು. ಅಯ್ಯೋ ಶಿವನೇ, ಬೇಲಿಯೇ ಎದ್ದು ಹೊಲ ಮೇಯುತ್ತಿದೆಯಲ್ಲ! ಗಂಜಿಯಿಂದಲ್ಲ ಜ್ವರ ಇಳಿದದ್ದು, ಗಂಜಿಗೆ ನನ್ನ ಹನಿ ಸೋಕದೆ ಇದ್ದದ್ದರಿಂದ. ಜನಕಪುರಿ ಬಂತು ಎಂದು ಸಿಂಧೂರ ಎರಡು ಸಲ ಹೇಳಬೇಕಾಯಿತು.

ಇಷ್ಟು ತಿಳಿದ ಮೇಲಾದರೂ ಹೇಳಿದರೇ? ಇಲ್ಲ. ನಾಳೆ ಸಾರನ್ನ ಒಯ್ಯದಿದ್ದರೆ ಆಯಿತು, ತಾನಾಗಿ ಇಳಿಯುತ್ತದೆ, ಯಾರಿಗೂ ಹೇಳುವುದು ಬೇಕಿಲ್ಲ ಎಂದುಕೊಂಡರು. ಶೀಷೆಯನ್ನು ಚರಂಡಿಗೆ ಸುರಿಯಲು ಎತ್ತಿದವರು, ಯಾಕೋ ಸುರಿಯಲಾಗದೆ ಕೈಚೀಲದಲ್ಲಿ ಹಾಕಿಕೊಂಡರು. ಬೆಳಿಗ್ಗೆ ಬರಿಗೈಯಲ್ಲಿ ಆಸ್ಪತ್ರೆಗೆ ಹೋದರು.

ಹೋದಾಗ ಮಂಚದ ಸುತ್ತ ಡಾಕ್ಟರುಗಳು ನಿಂತಿದ್ದರು. ಡಾಕ್ಟರಮ್ಮನ ಮೇಲಿನವರು, ನರೆತ ಕೂದಲಿನ ದೊಡ್ಡ ಡಾಕ್ಟರು, ಅಹಲ್ಯಾಳಿಗೆ ವಿವರಿಸುತ್ತಿದ್ದರು. ಮೂವತ್ತು ವರ್ಷ ದೆಹಲಿಯಲ್ಲಿದ್ದ ಲೀಲಮ್ಮನಿಗೆ ಅಷ್ಟು ಹಿಂದಿ ತಿಳಿಯದೆ ಇರುತ್ತದೆಯೇ? ಮಾತ್ರೆ ನಿಲ್ಲಿಸಿದ ಮೇಲೂ ಜ್ವರ ಬಂದಿದೆ ಎಂದರೆ ನಮ್ಮ ಅನುಮಾನ ತಪ್ಪು, ಮಾತ್ರೆಯ ದೋಷವಲ್ಲ. ಮಿದುಳಿನ ಪೊರೆಗೆ ಸೋಂಕು ಆಗಿರಬಹುದು. ಇವತ್ತು ಬೆನ್ನುಹುರಿಗೆ ಸೂಜಿ ಹಾಕಿ ನೀರು ತೆಗೆಯುತ್ತೇವೆ, ಇಲ್ಲಿ ಸಹಿ ಮಾಡಿ. ಬಹಳ ಗಲಿಬಿಲಿಯಾಗಿದ್ದಾರೆ, ಆದ್ದರಿಂದ ತಲೆಯ ಔಷಧಿಯನ್ನೂ ಸೂಜಿಯ ಮೂಲಕ ಇವತ್ತಿನಿಂದ ಮತ್ತೆ ಶುರುಮಾಡೋಣ.

ಲೀಲಮ್ಮನ ಕಿವಿಯಲ್ಲಿ ಗುಂಯ್ ಎಂದಿತು. ಮುಂದುವರಿಸಿದರೆ ಉಳಿಯುವುದಿಲ್ಲ ಎಂದಿದ್ದ ಔಷಧಿಯನ್ನೇ ಮತ್ತೆ ಕೊಡುತ್ತಾರೆ. ಕೊಡುವ ಹಾಗೆ ಮಾಡಿದ್ದು ಯಾರು? ನರ್ಸು ಆಗಲೇ ಟ್ರೇ ಜೋಡಿಸುತ್ತಿದ್ದಳು. ಅಹಲ್ಯಾ ಪೆನ್ನಿನ ಮುಚ್ಚಳ ತೆಗೆದಳು. ಹೇಳಿದರೆ ಈ ಮನೆಯಲ್ಲಿ ನನಗೆ ಮುಖವಿಲ್ಲ, ಪೊಲೀಸರು ಬಂದರೂ ಬರಬಹುದು. ಹೇಳದಿದ್ದರೆ ಸಂಜೆಯೊಳಗೆ ಮಗನಿಲ್ಲ. ಅತ್ತ ದರಿ, ಇತ್ತ ಪುಲಿ.

"ಅಹಲ್ಯಾ, ಸಹಿ ಮಾಡಬೇಡ," ಎಂದರು. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದರು. "ಅವನ ಹೊಟ್ಟೆಗೆ ಔಷಧಿ ಹೋಗ್ತಾ ಇದೆ ಅಂತ ಅವರಿಗೆ ಹೇಳು."

"ಯಾವ ಔಷಧಿ ಅತ್ತೆ? ಎಲ್ಲಾ ನಿಲ್ಲಿಸಿ ಆಯ್ತಲ್ಲ."

"ನೀನು ಕೊಡೋದನ್ನ ನಿಲ್ಲಿಸಿದೀಯ. ನಾನು ಕೊಡೋದನ್ನ ನಿಲ್ಲಿಸಿಲ್ಲ."

ಅವರು ಕೈಚೀಲದಿಂದ ಶೀಷೆ ತೆಗೆದು ಚಾಚಿದರು. ಡಾಕ್ಟರಮ್ಮ ಅದನ್ನು ತೆಗೆದುಕೊಂಡಳು. ಓದಿ ದೊಡ್ಡ ಡಾಕ್ಟರಿಗೆ ತೋರಿಸಿದಳು. ಎಂದಿನಿಂದ ಎಂದು ಅವರು ಕೇಳಿದರು. ಆರು ವರ್ಷ ಎಂದರು ಲೀಲಮ್ಮ ಹಿಂದಿಯಲ್ಲಿ, ಮಜ್ಜಿಗೆಯಲ್ಲಿ, ಈಗ ಸಾರಿನಲ್ಲಿ, ನಿನ್ನೆಯೂ. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ದೊಡ್ಡ ಡಾಕ್ಟರು ಟ್ರೇ ಒಯ್ಯಲು ನರ್ಸಿಗೆ ಹೇಳಿ, ಬೇರೆ ಏನೇನೋ ತರಿಸಿದರು. ಮಂಚವನ್ನು ತಳ್ಳಿಕೊಂಡು ಒಳಗಿನ ವಾರ್ಡಿಗೆ ಕರೆದೊಯ್ದರು.

ಹೊರಗಿನ ಬೆಂಚಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕದಲ್ಲೇ ಕೂತರು. ಬೇರೆ ಜಾಗವಿರಲಿಲ್ಲ. ಅಹಲ್ಯಾ ಅತ್ತೆಯ ಮುಖ ನೋಡದೆಯೇ ಹೇಳಿದಳು.

"ಅವರು ಊಟಕ್ಕೆ ಕೂತು ಹೇಳಿದಾಗ ನೀವು ಅಲ್ಲೇ ಇದ್ರಿ. ನಾನು ಡಾಕ್ಟರಿಗೆ ಫೋನ್ ಮಾಡಿದಾಗ್ಲೂ ಅಲ್ಲೇ ಇದ್ರಿ. ಮಾತ್ರೆ ಜಾಸ್ತಿ ಮಾಡಿಸಿದ್ದು ನಾನು, ಅತ್ತೆ. ನನ್ನ ಕೈಯಾರೆ ಕೊಟ್ಟೆ."

ಅವನು ಉಳಿದರೆ ಸಾಕು, ನನ್ನನ್ನು ಏನು ಬೇಕಾದರೂ ಮಾಡಿ ಎಂದು ಲೀಲಮ್ಮ ಮನಸ್ಸಿನಲ್ಲೇ ಊರಿನ ದೇವರು, ಇಲ್ಲಿಯ ದೇವರು, ಎಲ್ಲರಿಗೂ ಹೇಳಿಕೊಂಡರು.

ಸುರೇಶ ಉಳಿದ. ಒಳಗಿನ ವಾರ್ಡಿನಲ್ಲಿ ಎಷ್ಟೋ ದಿನ ಯಂತ್ರಗಳ ನಡುವೆ ಮಲಗಿದ್ದು, ದೀಪಾವಳಿಗೆ ಸ್ವಲ್ಪ ಮುಂಚೆ ಮನೆಗೆ ಬಂದ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಜ್ವರ ಮತ್ತೆ ಬರಲಿಲ್ಲ. ಅಡುಗೆಮನೆ ಈಗ ಅಹಲ್ಯಾಳದು. ಯಾರೂ ಹೋಗು ಅನ್ನದೆಯೇ ಲೀಲಮ್ಮ ಹೊರಗೆ ಬಂದಿದ್ದರು. ಅವರು ಸೊಪ್ಪು ಸೋಸಿಕೊಟ್ಟರೆ ಅಹಲ್ಯಾ ತೊಳೆದುಕೊಂಡು ಒಳಗೆ ಒಯ್ಯುತ್ತಿದ್ದಳು. ಆಗಸ್ಟಿನಲ್ಲಿ ಬಾಯಿ ಮುಚ್ಚಿಕೊಂಡದ್ದರ ಸಾಲವೆಂಬಂತೆ ಅವಳು ಅತ್ತೆಯ ಮೇಲೆ ಒಂದೇ ಒಂದು ಹೊಣೆ ಹೊರಿಸಿದಳು. ಹನಿಯ ವಿಷಯ ಸುರೇಶನಿಗೆ ಹೇಳುವುದು ನೀವೇ.

ಹೇಳಲೇಬೇಕಿತ್ತು. ತಲೆಯ ಡಾಕ್ಟರು ಬೇರೆ ಜಾತಿಯ ಮಾತ್ರೆ ಬರೆದಿದ್ದರು, ಬಹಳ ಸಣ್ಣದರಿಂದ ಶುರುಮಾಡಬೇಕು, ಇನ್ನು ತಡಮಾಡುವಂತಿಲ್ಲ ಎಂದಿದ್ದರು. ಔಷಧಿಯಿಲ್ಲದ ದಿನಗಳು ಆಗಲೇ ತಮ್ಮ ಕೆಲಸ ತೋರಿಸುತ್ತಿದ್ದವು. ಸುರೇಶ ಅಡಿಗಡಿಗೆ ಮೇಲಿನ ಛಾವಣಿ ನೋಡುತ್ತಿದ್ದ. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದ.

ಆ ಮಧ್ಯಾಹ್ನ ಊಟವಾದ ಮೇಲೆ ಅಹಲ್ಯಾ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಸುರೇಶ ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. ಮಾತ್ರೆಯಿಂದ ತಾನೇ ನನಗೆ ಹಾಗಾದದ್ದು ಎಂದು ಕೇಳಿದ. ಅಹಲ್ಯಾ ಅತ್ತೆಯ ಕಡೆ ನೋಡಿದಳು.

"ಅದೊಂದರಿಂದಲೇ ಅಲ್ಲ ಮಗೂ," ಎಂದರು ಲೀಲಮ್ಮ. "ನೀನು ಆವತ್ತು ಹೇಳಿದ್ದು ನಿಜ. ನಿನ್ನ ಮಜ್ಜಿಗೆಗೆ ನಾನು ಔಷಧಿ ಹಾಕ್ತಿದ್ದೆ. ಆಸ್ಪತ್ರೇಲಿ ಸಾರಿಗೂ ಹಾಕಿದೆ. ಎರಡೂ ಸೇರಿ ಹಾಗಾಯ್ತು. ನಿನ್ನನ್ನ ಕಳಕೊಳ್ತೀನಿ ಅನ್ನೋ ಹೆದರಿಕೆ ನನಗೆ."

ಸುರೇಶ ಕೂಗಾಡಲಿಲ್ಲ. ಕೂಗಾಡುತ್ತಾನೆ ಎಂದು ಅವರು ಎದೆ ಗಟ್ಟಿಮಾಡಿಕೊಂಡು ಕೂತಿದ್ದರು. ಅವನು ತಾಯಿಯ ಮುಖವನ್ನೇ ನೋಡುತ್ತ ನಿಧಾನವಾಗಿ ಯೋಚಿಸಿದ.

"ಹಾಗಾದ್ರೆ ಅದು ನನ್ನ ಖಾಯಿಲೆ ಅಲ್ಲ," ಎಂದ.

"ಅಲ್ಲಪ್ಪ."

"ಮೇಲಿನ ಮನೆಯವರು ನನ್ನ ಬಗ್ಗೆ ಮಾತಾಡೋದು?"

ಇಂಥದೊಂದು ಪ್ರಶ್ನೆ ಬರಬಹುದೆಂದು ಲೀಲಮ್ಮನ ಯಾವ ಹೆದರಿಕೆಯೂ ಅವರಿಗೆ ಹೇಳಿರಲಿಲ್ಲ. "ಅದು ಸುಳ್ಳು ಮಗೂ. ಅವರು ಪಾಪದ ಜನ. ಅವರಿಗೆ ನಿನ್ನ ಹೆಸರೂ ಸರಿಯಾಗಿ ಗೊತ್ತಿಲ್ಲ. ದೇವರಾಣೆಗೂ ಸುಳ್ಳು."

"ಉಪ್ಪು ಹಾಕಿದೆ ಅಂದಿದ್ದೆ ನೀನು," ಎಂದ ಸುರೇಶ.

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ತಾಯಿಯ ಮುಖದಿಂದ ಕಣ್ಣು ಕಿತ್ತು ಹೆಂಡತಿಯ ಕಡೆ ತಿರುಗಿದ. ನೀನು ಹೇಳು ಎಂದ. ಅಹಲ್ಯಾ ಅವನ ಪಕ್ಕದಲ್ಲಿ ಕೂತು, ಅವರು ಮಾತಾಡುವುದಿಲ್ಲ, ನಾನು ನಿಮಗೆ ಯಾವತ್ತೂ ಸುಳ್ಳು ಹೇಳಿಲ್ಲ, ಇದನ್ನು ತೆಗೆದುಕೊಂಡರೆ ನಿಮಗೇ ಗೊತ್ತಾಗುತ್ತದೆ ಎಂದಳು. ಮೇಲೆ ಏನೋ ಉರುಳಿದ ಸದ್ದಾಯಿತು. ಅವನ ಕಣ್ಣು ಅತ್ತ ಹೋಗಿ ಬಂತು.

"ಅಮ್ಮ ಹೊರಗೆ ಹೋಗ್ಲಿ," ಎಂದ ಕೊನೆಗೆ. "ಆಮೇಲೆ ತಗೋತೀನಿ."

ಲೀಲಮ್ಮ ಎದ್ದರು. ಗೋಡೆ ಹಿಡಿದು ಬಾಲ್ಕನಿಗೆ ಬಂದರು. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಕೆಳಗೆ ತರಕಾರಿ ಗಾಡಿಯ ಭಯ್ಯಾ ಕೂಗುತ್ತಿದ್ದ, ಹುಡುಗರು ಪಟಾಕಿ ಹೊಡೆಯುತ್ತಿದ್ದರು. ಆ ಗದ್ದಲದ ನಡುವೆಯೇ ಒಳಗೆ ಲೋಟಕ್ಕೆ ನೀರು ಬಗ್ಗಿಸಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನುಂಗಿದನೋ, ಜೇಬಿಗೆ ಹಾಕಿದನೋ ಎಂದು ಕೇಳಲು ಅವರ ನಾಲಿಗೆ ತುದಿಗೆ ಬಂತು. ಕೇಳುವ ಬಾಯಿ ಅವರಿಗೆ ಉಳಿದಿರಲಿಲ್ಲ.